ಮೂರನೆಯ ಕೂಗು ನಿಂತ ಕಿವಿಗಲ್ಲು

ಕಿವಿಗಲ್ಲಿಗೆ ಯಾತ್ರೆ ಬರುವ ಭಕ್ತಾದಿಗಳು ಪಾದರಕ್ಷೆ ಬಿಡುವುದಕ್ಕೆ ಮೊದಲು ಮಾತು ಬಿಡಬೇಕೆಂಬುದು ಈ ಕ್ಷೇತ್ರದ ಪ್ರಥಮ ನಿಯಮ. ಆ ನಿಯಮ ಎಲ್ಲಿಂದ ಬಂತು, ಸುತ್ತ ಎಲ್ಲಿಯೂ ಸೆಲೆಯಿಲ್ಲದ ಈ ಬೋಳುಗುಡ್ಡದ ನೆತ್ತಿಯಲ್ಲಿ ಒಂಟಿಬಂಡೆಯ ಕಿವಿಯಿಂದ ಮಾತ್ರ ಸರ್ವಋತುಗಳಲ್ಲಿಯೂ ನೀರು ಒಸರುವುದೇಕೆ, ಆ ನೀರನ್ನು ಮೊದಲು ಪರಸ್ಥಳದವರಿಗೇ ಕೊಡಬೇಕೆಂಬ ಕಟ್ಟಳೆ ಯಾರದು ಎಂಬುದನ್ನು ತಿಳಿಯದೆ ಇಲ್ಲಿ ಮಂಡಿಯೂರುವವರು ಬಂಡೆಗೆ ಮಂಡಿಯೂರಿದಂತಾಗುವುದೇ ಹೊರತು ಬಂಡೆಯನ್ನು ತೆರೆದವನಿಗೆ ಅಲ್ಲ. ಆದುದರಿಂದ ಹಿರಿಯರ ಬಾಯಿಂದ ಬಾಯಿಗೆ ಇಳಿದು ಬಂದ ವೃತ್ತಾಂತವನ್ನು, ಕಾಲಕಾಲಕ್ಕೆ ಅಂಟಿಸಿದ ಬಣ್ಣವನ್ನು ಆದಷ್ಟು ತೊಳೆದು, ಇಲ್ಲಿ ನಿರೂಪಿಸಲಾಗಿದೆ.

ಪೂರ್ವಕಾಲದಲ್ಲಿ, ಗುಡ್ಡಕ್ಕೊಂದು ಕೋಟೆಯೂ ಕೋಟೆಗೊಬ್ಬ ಪಾಳೆಯಗಾರನೂ ಇದ್ದ ದಿನಗಳಲ್ಲಿ, ಕಾವಿಯುಟ್ಟು ಬರಿಗಾಲಿನಲ್ಲಿ ಸೀಮೆಯಿಂದ ಸೀಮೆಗೆ ನಡೆಯುತ್ತಿದ್ದ ಗುರುಗಳ ಮುಖದಿಂದ ಕ್ರಿಸ್ತಸ್ವಾಮಿಯ ಶುಭವಾರ್ತೆಯನ್ನು ಕೇಳಿ ಜ್ಞಾನಸ್ನಾನ ಪಡೆದ ಕುರಿಗಾಹಿಗಳ ಒಂದು ಸಣ್ಣ ನೆಲೆ ಈ ಗುಡ್ಡದ ತಪ್ಪಲಿನಲ್ಲಿತ್ತು. ಅದಕ್ಕೆ ಬಿಳಿಗುರಿಹಟ್ಟಿಯೆಂದು ಹೆಸರು. ಆ ಹಟ್ಟಿಯಲ್ಲಿ ಯಾಗಪ್ಪನೆಂಬ ಕುರಿಗಾಹಿಯಿದ್ದನು. ಸರ್ವೇಶ್ವರನು ಅವನಿಗೆ ಎತ್ತರವನ್ನಾಗಲಿ ರೂಪವನ್ನಾಗಲಿ ದಯಪಾಲಿಸದೆ ಎಲ್ಲವನ್ನೂ ಕಂಠದಲ್ಲಿಯೇ ಇಟ್ಟಿದ್ದನು. ಎದುರುಗಾಳಿಯಲ್ಲಿ ಅವನು ಕೂಗಿದರೂ ಕಣಿವೆಯಾಚೆಯ ಮಂದೆ ಮೇವು ಬಿಟ್ಟು ತಲೆಯೆತ್ತುತ್ತಿತ್ತು. ಯಾಗಪ್ಪ ಕೂಗಿದರೆ ಮಾರಿದ ಕುರಿಯೂ ಹಗ್ಗ ಹರಿದುಕೊಂಡು ವಾಪಸು ಬರುತ್ತದೆಂದು ನೆರೆಹಟ್ಟಿಗಳವರು ನಗುತ್ತಿದ್ದರು. ಅವನಿಂದ ಕುರಿ ಕೊಂಡವರು ಮಾತ್ರ ನಗುತ್ತಿರಲಿಲ್ಲ.

ಈ ಕಥೆಗೆ ಆಧಾರವಾದ ಎರಡು ಪದ್ಧತಿಗಳನ್ನು ಭಕ್ತರು ಮೊದಲು ಅರಿತಿರಬೇಕು. ಕುರಿಗಾಹಿಗಳಲ್ಲಿ ಮನೆಮನೆಗೂ ಒಂದೊಂದು ಕಿವಿಗುರುತು ಇರುತ್ತಿತ್ತು. ಮರಿಯ ಕಿವಿಯಂಚನ್ನು ಕತ್ತರಿಯಿಂದ ಇಂಥ ಕಡೆ ಇಂಥ ರೀತಿಯಲ್ಲಿ ಚಿವುಟಿದರೆ ಅದು ಇಂಥವರದು ಎಂದು ಸೀಮೆಗೆಲ್ಲ ತಿಳಿಯುತ್ತಿತ್ತು. ದೇವರಿಗೆಂದು ಹರಸಿಕೊಂಡ ಮರಿಗೆ ಬೇರೆಯೇ ಗುರುತು. ಅದು ಮೀಸಲು ಮರಿ. ಅದರ ಉಣ್ಣೆಯನ್ನು ಯಾರೂ ಕತ್ತರಿಸರು, ಅದನ್ನು ಯಾರೂ ಮಾರರು, ಅದು ಕೊಬ್ಬಿ, ಜಡೆಗಟ್ಟಿ, ಯಾರ ಉಪಯೋಗಕ್ಕೂ ಬಾರದೆ ಹಬ್ಬದವರೆಗೆ ಮೇಯುತ್ತಿರಬೇಕು. ಮೀಸಲೆಂದರೆ ಮುಟ್ಟಬಾರದ್ದು ಎಂದೇ ಹಟ್ಟಿಯವರು ತಿಳಿದಿದ್ದರು. ಇದು ಒಂದು. ಗುರುತು ಹರಿದುಹೋದ ಕುರಿಗೆ ಇಬ್ಬರು ಹಕ್ಕು ಹೇಳಿದಾಗ ಹಿರಿಯರು ಕೂಗುನ್ಯಾಯ ಇಡುತ್ತಿದ್ದರು. ವ್ಯಾಜ್ಯದ ಕುರಿಯನ್ನು ಬಯಲಿನ ನಡುವೆ ಬಿಟ್ಟು, ಹಕ್ಕುದಾರರು ಎದುರುಬದುರು ನಿಂತು, ಒಬ್ಬರಾದ ಮೇಲೆ ಒಬ್ಬರು ಮೂರು ಮೂರು ಸಲ ಕೂಗುವರು. ಕುರಿ ಯಾರ ಕಡೆಗೆ ಹೋಯಿತೋ ಅವರದು. ಇದು ಎರಡು.

ಈ ನ್ಯಾಯ ಹೇಳುವುದರಲ್ಲಿ ಯಾಗಪ್ಪನನ್ನು ಮೀರಿದವರಿರಲಿಲ್ಲ. ಕಾಲು ನೋಡಬೇಡಿ, ಕಿವಿ ನೋಡಿ ಎಂಬುದು ಅವನ ಮಾತು. ಹಸಿದ ಕುರಿಯ ಕಾಲು ಹುಲ್ಲಿನ ಕಡೆಗೆ ಹೋಗುತ್ತದೆ, ಹೆದರಿದ ಕುರಿಯ ಕಾಲು ದೊಣ್ಣೆ ಹಿಡಿದವನ ಕಡೆಗೇ ಹೋಗುತ್ತದೆ, ಕಾಲನ್ನು ನಂಬಿದರೆ ಕಳ್ಳನೇ ಒಡೆಯನಾಗುತ್ತಾನೆ. ಕಿವಿಯಾದರೋ ತನ್ನವನ ಕಡೆಗಲ್ಲದೆ ತಿರುಗದು ಎಂದು ಅವನು ವಿವರಿಸುತ್ತಿದ್ದನು. ಬರೀ ವಿವರಿಸಿದ್ದಲ್ಲ. ತನ್ನ ದೊಡ್ಡಪ್ಪನ ಮಗನ ಕಾಲಬುಡಕ್ಕೇ ಬಂದು ನಿಂತಿದ್ದ ಟಗರನ್ನು, ಅದರ ಕಿವಿ ಹಿಂದಕ್ಕಿದೆಯೆಂಬ ಒಂದೇ ಕಾರಣಕ್ಕೆ ಪರಹಟ್ಟಿಯವನಿಗೆ ಬಿಡಿಸಿಕೊಟ್ಟು, ಅಂದಿನಿಂದ ಆ ಮನೆಯ ಅನ್ನಕ್ಕೆ ಎರವಾಗಿದ್ದನು.

ಯಾಗಪ್ಪನ ಅಕ್ಕ ಇನ್ನಾಸಮ್ಮನಿಗೆ ಬಹುಕಾಲ ಮಕ್ಕಳಿರಲಿಲ್ಲ. ಕಡೆಗೆ ಗರ್ಭ ನಿಂತು, ದಿನ ತುಂಬಿ, ನೋವು ಎದ್ದು ಹೆರಿಗೆಯಾಗದೆ ಜೀವ ತೂಗುಯ್ಯಾಲೆಯಾಡುತ್ತಿದ್ದ ಹೊತ್ತಿನಲ್ಲಿ, ಗೋಡೆಯಾಚೆಯ ಕುರಿರೊಪ್ಪದಲ್ಲಿ ಒಂದು ಕುರಿಯೂ ಈಯಲು ಒದ್ದಾಡುತ್ತಿರುವುದನ್ನು ಕೇಳಿ, ಆ ತಾಯಿ ಶಿಲುಬೆಯ ಕಡೆ ಕೈಯೆತ್ತಿ, ಈ ಹಟ್ಟಿಯಲ್ಲಿ ಇನ್ನು ಮೊದಲು ಕಣ್ಣು ಬಿಡುವ ಜೀವ ಸರ್ವೇಶ್ವರನಿಗೆ ಮೀಸಲು ಎಂದು ಹರಕೆ ಹೊತ್ತಳು. ಅವಳ ಮನಸ್ಸಿನಲ್ಲಿದ್ದದ್ದು ಕುರಿಮರಿ. ಆದರೆ ಮೊದಲು ಕಣ್ಣು ಬಿಟ್ಟದ್ದು ಮಗಳು. ಮರಿ ಆಮೇಲೆ ಹುಟ್ಟಿತು. ಗಂಡ ಮುಂದಾಲೋಚನೆಯವನು; ಹರಕೆಯೆಂದರೆ ಮರಿಯೇ, ಹೆಂಗಸರ ಬಾಯಿ ನೋವಿನಲ್ಲಿ ತೊದಲಿತೆಂದು ಹೇಳಿ, ಆ ಮರಿಗೇ ಮೀಸಲು ಗುರುತು ಹಾಕಿ ಬಿಟ್ಟನು. ಮಗುವಿಗೆ ಶೌರಿಯಪ್ಪ ಸಂತರ ಹೆಸರನ್ನಿಟ್ಟರು. ಹಟ್ಟಿಯ ನಾಲಗೆಯಲ್ಲಿ ಅದು ಚೌರಮ್ಮ ಎಂದಾಯಿತು.

ಸೋದರಮಾವನ ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಚುಚ್ಚುವುದು ನಮ್ಮಲ್ಲಿ ಅಂದಿಗೂ ಇಂದಿಗೂ ಇರುವ ಪದ್ಧತಿಯಷ್ಟೆ. ಯಾಗಪ್ಪನ ತೊಡೆಯ ಮೇಲೆಯೇ, ಅವನ ಕೈಯಿಂದಲೇ, ಚೌರಮ್ಮನ ಕಿವಿಗೆ ಸೂಜಿ ಬಿತ್ತು. ಮಗು ಅತ್ತಾಗ ಅವನು ಮಂದೆಯನ್ನು ಕರೆಯುವ ಆ ಮಹಾಕಂಠವನ್ನು ಪಿಸುಮಾತಿಗೆ ಇಳಿಸಿ, ಮರೀ, ಮರೀ ಎಂದು ಸಂತೈಸಿದನು. ಅಂದಿನಿಂದ ಅವನ ಬಾಯಲ್ಲಿ ಅವಳ ಹೆಸರು ಅದೇ. ಕೆಲವು ಕಾಲಾನಂತರ ಭಾವ ಜ್ವರದಲ್ಲಿ ತೀರಿಕೊಳ್ಳುವಾಗ ಮಗಳ ಕೈಯನ್ನು ಯಾಗಪ್ಪನ ಕೈಯಲ್ಲಿಟ್ಟು, ಇವಳನ್ನು ಬೆಟ್ಟಬಯಲಿನ ಪಾಲು ಮಾಡಬೇಡ ಎಂದನು. ಯಾಗಪ್ಪನು ಆಗಲಿ ಎಂದನು. ಈ ಒಂದು ಮಾತೇ ಮುಂದಿನ ಸಕಲ ಕೋಲಾಹಲಕ್ಕೂ ಬೇರು. ಅವನನ್ನು ಕ್ರೂರಿಯೆಂದೂ ಆಸ್ತಿಯ ಆಸೆಗೆ ಬಿದ್ದವನೆಂದೂ ಹಾಡು ಕಟ್ಟಿ ಹೇಳುವವರಿದ್ದಾರೆ, ಅದು ಅಸತ್ಯ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೊರಟವನು ಅವನು.

ಚೌರಮ್ಮ ಪ್ರಾಯಕ್ಕೆ ಬರುತ್ತಲೇ ಯಾಗಪ್ಪನು ತನ್ನ ಮಗ ತೋಮಯ್ಯನಿಗೆ ಅವಳನ್ನು ತಂದುಕೊಳ್ಳಲು ನಿಶ್ಚಯಿಸಿ, ಸೋದರಿಕೆಯ ಸಂಬಂಧಕ್ಕೆ ಧರ್ಮಾಧ್ಯಕ್ಷರಿಂದ ಬರಬೇಕಾದ ಅಪ್ಪಣೆಯನ್ನೂ ತರಿಸಿ, ಅವಳ ಕಿವಿಗೆ ಇಡಲು ಓಲೆ ಮಾಡಿಸಿಕೊಂಡು ಬಂದನು. ಅವಳು ಎರಡು ಕಿವಿಗಳನ್ನೂ ಸೆರಗಿನಿಂದ ಮುಚ್ಚಿಕೊಂಡು, ತಾನು ಸರ್ವೇಶ್ವರನಿಗೆ ಮೀಸಲೆಂದಳು. ಹಟ್ಟಿ ಎರಡಾಯಿತು. ಹರಕೆ ಮುರಿದರೆ ಮಂದೆಗೆ ರೋಗ ಬೀಳುತ್ತದೆಂದು ಕೆಲವರು, ಹರಕೆ ಮರಿಯದಾಗಿತ್ತು, ಮರಿ ಸಂದಾಯವಾಗಿದೆ, ದೇವರಿಗೆ ಎರಡೆರಡು ಸಲ ಕೊಡಲು ಇದೇನು ಕೋಟೆಯ ಕಂದಾಯವೇ ಎಂದು ಕೆಲವರು. ಇನ್ನಾಸಮ್ಮ ಮಾತ್ರ ಒಲೆಯ ಮುಂದೆ ಕುಳಿತು, ತನ್ನ ನಾಲಗೆಯನ್ನೇ ಶಪಿಸಿಕೊಳ್ಳುತ್ತಿದ್ದಳು.

ಆ ವೇಳೆಗೆ ಪ್ರಸನ್ನನಾಥರೆಂಬ ಗುರುಗಳು ಸಂಚಾರದಲ್ಲಿ ಹಟ್ಟಿಗೆ ಬಿಜಯಮಾಡಿದರು. ಉಭಯ ಪಕ್ಷಗಳನ್ನೂ ಆಲಿಸಿ, ಇನ್ನಾಸಮ್ಮನನ್ನು ಎಬ್ಬಿಸಿ ಕೂರಿಸಿ, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು: "ತಾಯಿ ಹೊತ್ತ ಹರಕೆ ಮಗಳನ್ನು ಕಟ್ಟುವುದಿಲ್ಲ. ಸರ್ವೇಶ್ವರನು ಒಬ್ಬರ ಬಾಯಿಮಾತಿಗೆ ಮತ್ತೊಬ್ಬರ ಜೀವವನ್ನು ಹಿಡಿದುಕೊಳ್ಳುವವನಲ್ಲ. ಈ ಹುಡುಗಿ ಇಂದಿನಿಂದ ಯಾವ ಹರಕೆಗೂ ಬದ್ಧಳಲ್ಲ." ಹೀಗೆಂದು ಆಶೀರ್ವದಿಸಿ, ಅವಳಿಗೆ ಏಕಾಂತದಲ್ಲಿ ಎರಡು ಮಾತು ಹೇಳಿ, ಮುಂದಿನ ಸೀಮೆಗೆ ತೆರಳಿದರು.

ಯಾಗಪ್ಪನಿಗೆ ಎದೆಯ ಮೇಲಿನ ಬಂಡೆ ಉರುಳಿದಂತಾಯಿತು. ಗುರುಗಳೇ ಗಂಟು ಬಿಚ್ಚಿದ್ದಾರೆ. ಹುಡುಗಿಗೆ ಅಡ್ಡ ಹಿಡಿಯಲು ಇನ್ನು ಗುರಾಣಿಯಿಲ್ಲ. ಅವನು ನಗುನಗುತ್ತ ಓಲೆಯ ಗಂಟನ್ನು ಮತ್ತೆ ಬಿಚ್ಚಿದನು. ಚೌರಮ್ಮ ಈ ಸಲ ಕಿವಿ ಮುಚ್ಚಿಕೊಳ್ಳಲಿಲ್ಲ. ಮಾವನ ಮುಖವನ್ನು ನೋಡುತ್ತ ನಿಂತು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಇಷ್ಟು ದಿನ ಅವ್ವ ಕೊಟ್ಟ ಮರಿಯಾಗಿದ್ದೆ, ಮಾವ. ಇವತ್ತು ನನಗೆ ಬಿಡುಗಡೆ ಆಯ್ತು. ಇನ್ಮೇಲೆ ಕೊಡೋಳು ನಾನೇ."

ಯಾಗಪ್ಪನ ನಗು ಮುಖದಲ್ಲಿಯೇ ಹೆಪ್ಪುಗಟ್ಟಿತು. ಕಟ್ಟಿದ ಕುರಿಯನ್ನು ಬಿಚ್ಚಿ ತರುವುದು ಅವನಿಗೆ ಗೊತ್ತಿತ್ತು. ಬಿಚ್ಚಿದ ಮೇಲೂ ಹೋಗದೆ ನಿಂತ ಕುರಿಯನ್ನು ಅವನು ಕಂಡಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಮದುವೆಯ ದಿನವನ್ನು ಅವನು ಅವಳನ್ನು ಕೇಳದೆಯೇ ಗೊತ್ತುಮಾಡಿ ಹಟ್ಟಿಗೆ ಸಾರಿಸಿದನು. ಮರುಬೆಳಗ್ಗೆ ಚೌರಮ್ಮ ಹಟ್ಟಿಯಲ್ಲಿರಲಿಲ್ಲ. ಮೀಸಲು ಕುರಿಗಳನ್ನು ಹೊಡೆದುಕೊಂಡು ಈ ಗುಡ್ಡವನ್ನು ಹತ್ತಿ, ನೆತ್ತಿಯ ಒಂಟಿಬಂಡೆಯ ನೆರಳಿನಲ್ಲಿ ಕುಳಿತಿದ್ದಳು.

ಅಂದು ಈ ನೆತ್ತಿ ಹೇಗಿತ್ತೆಂಬುದನ್ನು ಇಂದಿನ ಹಸುರನ್ನು ಕಂಡವರು ಊಹಿಸಲಾರರು. ಮುಳ್ಳುಕಳ್ಳಿಯ ಹೊರತು ಗಿಡವಿಲ್ಲ, ಒಂದು ಬೊಗಸೆ ನೀರಿಲ್ಲ, ತೋಳಗಳ ದಾರಿ. ಒಯ್ದ ಸೋರೆಬುರುಡೆಯ ನೀರನ್ನು ಅವಳು ಕುರಿಗಳಿಗೇ ಎರೆದು ಬರಿದುಮಾಡಿದ್ದಳೆಂದು ಕಟ್ಟಿಗೆಗೆ ಹೋದವರು ಬಂದು ಹೇಳಿದಾಗ ಇನ್ನಾಸಮ್ಮನ ಜೀವ ಬಾಯಿಗೆ ಬಂತು. ಬೆಟ್ಟಬಯಲಿನ ಪಾಲು ಮಾಡಬೇಡ ಎಂಬ ಭಾವನ ಮಾತು ಯಾಗಪ್ಪನ ಕಿವಿಯಲ್ಲಿ ಗುಂಗಿಹುಳದಂತೆ ಕೊರೆಯತೊಡಗಿತು. ಸಾಲದ್ದಕ್ಕೆ ಕೋಟೆಯಿಂದ ಇಬ್ಬರು ಈಟಿಯವರು ಬಂದಿಳಿದರು. ಕೋಟೆಗೆ ಕುರಿ ಒದಗಿಸುವ ಹಟ್ಟಿಯಲ್ಲಿ ಒಂದು ಹೆಣ್ಣಿನ ಸಲುವಾಗಿ ಗಲಭೆಯೆಂದು ಸುದ್ದಿ ಹೋಗಿ, ಅಂದೇ ಇತ್ಯರ್ಥವಾಗದಿದ್ದರೆ ತಾವೇ ಅವಳನ್ನು ಎಳೆತಂದು ಒಪ್ಪಿಸುವುದಾಗಿಯೂ, ಮೇಲಾಗಿ ಹಟ್ಟಿಯ ಮೇವುಗಾವಲು ಬೇರೆಯವರ ಪಾಲಾಗುವುದಾಗಿಯೂ ಅಪ್ಪಣೆ ತಂದಿದ್ದರು. ಅವರ ಕೈ ಅವಳ ಮೈಮೇಲೆ ಬೀಳುವ ಮುನ್ನ ತನ್ನ ಕೂಗು ಅವಳ ಕಿವಿಗೆ ಬೀಳಬೇಕೆಂದು ಯಾಗಪ್ಪನು ಮೆಟ್ಟನ್ನೂ ಮೆಟ್ಟದೆ ಗುಡ್ಡ ಹತ್ತಿದನು. ಹಟ್ಟಿಗೆ ಹಟ್ಟಿಯೇ ಅವನ ಹಿಂದೆ ಹತ್ತಿತು.

ಬಂಡೆಯ ಮುಂದೆ ಹಿರಿಯರು ಕಂಬಳಿ ಹಾಸಿ ಕುಳಿತರು. ಹಟ್ಟಿಯ ಯಜಮಾನ ಸೂಸೆಯಪ್ಪ ಮಾತಿನಲ್ಲಿ ಚುಚ್ಚುವವನು, ಹಲ್ಲಿಲ್ಲದ ಬಾಯಿಂದಲೇ ಕಚ್ಚುವವನು. ಎರಡೂ ಕಡೆಯ ಮಾತು ಕೇಳಿ ಕೇಳಿ ಬೇಸತ್ತು, ಇದು ಗುರುತಿನ ವ್ಯಾಜ್ಯವೇ ಸರಿ ಎಂದನು. ಈ ಕಿವಿಗೆ ಮೊದಲು ಸೂಜಿ ಇಟ್ಟವನು ತಾನೆಂದು ಮಾವ ಹೇಳುತ್ತಾನೆ, ಒಡೆಯ ಬೇರೊಬ್ಬನಿದ್ದಾನೆಂದು ಇವಳು ಹೇಳುತ್ತಾಳೆ. ಕೂಗುನ್ಯಾಯ ಇಡೋಣ, ಯಾಗಪ್ಪ ಈ ಕಡೆಯಿಂದ ಕೂಗಲಿ. ಆಮೇಲೆ ಬಂಡೆಯ ಕಡೆ ಗದ್ದವೆತ್ತಿ, "ಆ ಕಡೆಯವರಿಗೆ ಬಾಯಿದ್ದರೆ ಅವರೂ ಕೂಗಲಿ" ಎಂದನು. ಈಟಿಯವರು ನಕ್ಕರು. ಕೆಲವರು ನಗಲು ಹೋಗಿ, ಶಿಲುಬೆಯ ಗುರುತು ಮಾಡಿಕೊಂಡರು.

ಯಾಗಪ್ಪನ ಕಂಠದ ಎದುರು ಕೂಗುನ್ಯಾಯ! ಇದು ನ್ಯಾಯವಲ್ಲ, ಬಿಗಿದ ಉರುಳೆಂದು ಇನ್ನಾಸಮ್ಮನಿಗೂ ತಿಳಿಯಿತು. ಚೌರಮ್ಮ ಮಾತ್ರ, ಬಾಯಾರಿ ಒಡೆದ ತುಟಿಗಳನ್ನು ನಾಲಗೆಯಿಂದ ತೇವಮಾಡಿಕೊಂಡು, ಆಗಲೆಂದಳು. ಒಂದು ಷರತ್ತು ಮಾತ್ರ ಹಾಕಿದಳು. ನ್ಯಾಯ ಹೇಳುವವನೂ ಯಾಗಪ್ಪ ಮಾವನೇ ಆಗಬೇಕು.

ಸೂಸೆಯಪ್ಪ ಅವಳನ್ನೂ ಯಾಗಪ್ಪನನ್ನೂ ನೋಡಿ, ಕಳ್ಳನಿಗೇ ಬೀಗದ ಕೈಯನ್ನು ಕೊಟ್ಟು ಆಮೇಲೆ ಅಳಬೇಡವೆಂದು ಅವಳಿಗೆ ಹೇಳಿದನು. ತನ್ನನ್ನು ಇವಳು ಕಟ್ಟಿಹಾಕುತ್ತಿರುವಳೋ ಬಿಚ್ಚುತ್ತಿರುವಳೋ ಯಾಗಪ್ಪನಿಗೆ ತಿಳಿಯದಾಯಿತು.

ನೆತ್ತಿಯ ಬಯಲಿನಲ್ಲಿ ಎರಡು ದೊಣ್ಣೆಗಳನ್ನು ಗೆರೆಯಾಗಿ ಇಟ್ಟರು, ಒಂದು ಯಾಗಪ್ಪನ ಕಾಲ ಮುಂದೆ, ಒಂದು ಬಂಡೆಯ ಮುಂದೆ. ನಡುವೆ ಚೌರಮ್ಮ ಕಂಬಳಿ ಹೊದ್ದು, ಎರಡು ಕಡೆಗೂ ಪಕ್ಕ ಕೊಟ್ಟು ನಿಂತಳು. ಬಿಸಿಲು ನೆತ್ತಿಗೇರುತ್ತಿತ್ತು. ಮಂದೆ ಕೂಡ ಮೇವು ಬಿಟ್ಟು ನಿಂತಿತ್ತೆಂದು ಹೇಳುತ್ತಾರೆ.

ಯಾಗಪ್ಪನು ಮೊದಲನೆಯ ಕೂಗನ್ನು ಕೂಗಿದನು. ಸೋದರಮಾವನ ಅಧಿಕಾರದಿಂದ, ಮನೆಯ ಯಜಮಾನನ ಠೀವಿಯಿಂದ, ಚೌರಮ್ಮಾ ಎಂದು ಪೂರ್ಣನಾಮದಿಂದ ಕೂಗಿದ ಆ ಧ್ವನಿ ಎದುರಿನ ಗುಡ್ಡಕ್ಕೆ ತಾಗಿ, ಅಲ್ಲಿಂದ ಅದರಾಚೆಯ ಗುಡ್ಡಕ್ಕೆ ತಾಗಿ ಮರಳಿತು. ಹುಡುಗಿ ಅಲುಗಲಿಲ್ಲ. ಇನ್ನು ಬಂಡೆಯ ಸರದಿ. ಜನರು ಬಂಡೆಯನ್ನೇ ನೋಡಿದರು. ಬಂಡೆ ಬಂಡೆಯಾಗಿಯೇ ಇತ್ತು. ಗಾಳಿ ಕೂಡ ಬೀಸಲಿಲ್ಲ. ಒಂದು ಕೂಗಿಗೆ ಹಿಡಿಯುವಷ್ಟು ಹೊತ್ತು ಕಳೆದ ಮೇಲೆ ಈಟಿಯವರಲ್ಲೊಬ್ಬನು ಕೆಮ್ಮಿದನು. ಆ ಕೆಮ್ಮಿನಲ್ಲಿ ನಗೆಯಿತ್ತು.

ಯಾಗಪ್ಪನು ಕಣ್ಣು ಮುಚ್ಚಿದನು. ಅವನಿಗೆ ಗೆಲ್ಲಬೇಕಾಗಿತ್ತು; ಸೋತರೆ ಇವಳು ಈ ಕಲ್ಲಿನ ಮೇಲೆ ಬಾಯಾರಿ ಸಾಯುವಳೆಂಬುದರಲ್ಲಿ ಅವನಿಗೆ ಲೇಶಮಾತ್ರವೂ ಸಂದೇಹವಿರಲಿಲ್ಲ. ಆದುದರಿಂದ ಅವನು ಈವರೆಗೆ ಯಾರ ಮುಂದೆಯೂ ಎತ್ತದ ಸ್ವರವನ್ನು ಎತ್ತಿದನು. ಅದು ಮಂದೆಯನ್ನು ಕರೆಯುವ ಸ್ವರವಲ್ಲ. ತೊಡೆಯ ಮೇಲೆ ಅಳುತ್ತಿದ್ದ ಕೂಸಿನ ಕಿವಿಯಲ್ಲಿ ಹೇಳಿದ ಸ್ವರ.

"ಮರೀ..."

ಬಂಡೆ ತನ್ನ ಸರದಿಯನ್ನು ಮೌನದಲ್ಲಿಯೇ ಕಳೆಯಿತು. ಆ ಮೌನ ಮುಗಿಯುವ ಮೊದಲೇ ಚೌರಮ್ಮನ ಪಾದ ಎದ್ದಿತು. ಮಾವನ ಕಡೆಗೆ ಎದ್ದಿತು. ಒಂದು ಹೆಜ್ಜೆ, ಮತ್ತೊಂದು, ಕಲ್ಲು ಮಣ್ಣು ನೋಡದೆ, ಕಣ್ಣಲ್ಲಿ ನೀರು ಸುರಿಸುತ್ತ, ಅವಳು ಯಾಗಪ್ಪನ ದೊಣ್ಣೆಯ ಕಡೆಗೆ ಬರತೊಡಗಿದಳು. ಹಟ್ಟಿ ಉಸಿರು ಬಿಟ್ಟಿತು. ಈಟಿಯವರು ಆಗಲೇ ಇಳಿಯಲು ತಿರುಗಿದರು. ಸೂಸೆಯಪ್ಪ ಕಂಬಳಿ ಕೊಡವಿಕೊಂಡು ಏಳತೊಡಗಿದನು. ಇನ್ನು ಉಳಿದಿದ್ದುದು ಒಂದೇ ಕೂಗು, ಅವಳು ಗೆರೆ ದಾಟಲು ಬೇಕಾಗಿದ್ದುದೂ ಅಷ್ಟೇ.

ಯಾಗಪ್ಪನು ಕೂಗಲು ಬಾಯಿ ತೆರೆದು, ಕಣ್ಣನ್ನೂ ತೆರೆದು, ಜೀವಮಾನದ ಅಭ್ಯಾಸಬಲದಿಂದ ನೋಡಬೇಕಾದ ಕಡೆ ನೋಡಿಬಿಟ್ಟನು.

ಕಾಲು ಇತ್ತ ಬರುತ್ತಿತ್ತು. ಕಿವಿ ಅತ್ತ ಇತ್ತು. ಸೆರಗು ಜಾರಿ, ಕೊರಳು ಹೊರಳಿ, ತಾನು ಸೂಜಿಯಿಟ್ಟ ಆ ಕಿವಿಯಷ್ಟೂ ಮೂಕಬಂಡೆಯ ಕಡೆಗೆ, ಏನನ್ನೋ ಕೇಳುತ್ತಿರುವ ಹಾಗೆ, ಇನ್ನೂ ಕೇಳಬೇಕೆಂಬ ಹಾಗೆ, ತಿರುಗಿತ್ತು. ಬರುತ್ತಿದ್ದವಳು ಋಣಕ್ಕೆ ಬರುತ್ತಿದ್ದಳು, ಮಾವನ ಸಂಕಟವನ್ನು ನೋಡಲಾರದೆ ಬರುತ್ತಿದ್ದಳು, ಬಾಯಾರಿಕೆಗೂ ಸ್ವಲ್ಪ ಬರುತ್ತಿದ್ದಳೋ ಏನೋ. ಅವಳು ಅವನ ಕಡೆ ಬರುತ್ತಿದ್ದಳೇ ಹೊರತು ಅವನವಳಾಗಿರಲಿಲ್ಲ.

ಇದನ್ನು ಬೇರೆ ಯಾರೂ ಕಾಣಲಿಲ್ಲ. ಎಲ್ಲರೂ ಕಾಲನ್ನೇ ನೋಡುತ್ತಿದ್ದರು. ಯಾಗಪ್ಪನು ಸುಮ್ಮನೆ ಮೂರನೆಯ ಸಲ ಕೂಗಿದ್ದರೆ ಕಥೆ ಅಲ್ಲಿಗೆ ಮುಗಿದು, ಭಾವನಿಗೆ ಕೊಟ್ಟ ಮಾತು ಉಳಿದು, ಸೊಸೆ ಮನೆಗೆ ಬಂದು, ಅವನನ್ನು ಇಹದಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನ್ಯಾಯ ಹೇಳುವವನೂ ತಾನೇ ಎಂಬ ಆ ಷರತ್ತಿನ ಅರ್ಥ ಅವನಿಗೆ ಆಗ ಹೊಳೆಯಿತು. ತೆರೆದ ಬಾಯಿ ತೆರೆದೇ ಇತ್ತು. ಕೊರಳಿನ ನರಗಳು ಉಬ್ಬಿ ನಿಂತಿದ್ದವು. ಕೂಗು ಹೊರಡಲಿಲ್ಲ.

"ಯಾಕಪ್ಪ, ಕೂಗು" ಎಂದನು ಸೂಸೆಯಪ್ಪ.

ಯಾಗಪ್ಪನು ಬಾಯಿ ಮುಚ್ಚಿದನು. ಬಗ್ಗಿ ತನ್ನ ಕಾಲ ಮುಂದಿನ ದೊಣ್ಣೆಯನ್ನು ಎತ್ತಿಕೊಂಡನು. ಮಂದೆಗಳನ್ನು ಕರೆದ ಆ ಕಂಠ ಪಕ್ಕದವರಿಗೂ ಕೇಳಿಸದಷ್ಟು ಕುಗ್ಗಿಹೋಗಿತ್ತು.

"ಇವಳು ನನ್ನವಳಲ್ಲ. ಕಿವಿ ಅತ್ತ ಅದೆ."

ಚೌರಮ್ಮ ನಿಂತಳು. ಆಮೇಲೆ ಅವಳು ಮಾವನ ಕೈಯನ್ನು ಹಿಡಿದುಕೊಂಡು, ಚಿಕ್ಕಂದಿನಲ್ಲಿ ಅವನು ಅವಳನ್ನು ನಡೆಸಿಕೊಂಡು ಹೋದ ಹಾಗೆ ಅವನನ್ನು ಬಂಡೆಯ ಬಳಿಗೆ ನಡೆಸಿಕೊಂಡು ಹೋದಳು. ಪವಿತ್ರ ಗ್ರಂಥದಲ್ಲಿ, ಬಿಡುಗಡೆಯ ವರ್ಷ ಬಂದರೂ ಒಡೆಯನನ್ನು ಪ್ರೀತಿಸಿ ಬಿಟ್ಟುಹೋಗಲೊಲ್ಲದ ಸೇವಕನ ಕಿವಿಯನ್ನು ಬಾಗಿಲ ಕಂಬಕ್ಕೆ ಒತ್ತಿ ಗುರುತು ಮಾಡಬೇಕೆಂಬ ವಿಧಿಯಿದೆ. ಗುರುಗಳು ಏಕಾಂತದಲ್ಲಿ ಅವಳಿಗೆ ಹೇಳಿದ ಎರಡು ಮಾತು ಇದೇ ಎಂದು ಹಿರಿಯರ ನಂಬಿಕೆ. ಬಾಗಿಲಿಲ್ಲದ ಆ ಬಯಲಿನಲ್ಲಿ ಅವಳು ಕಿವಿಯನ್ನು ಬಂಡೆಗೆ ಒತ್ತಿ ನಿಂತಳು.

"ಮೊದಲು ಚುಚ್ಚಿದೋನು ನೀನೇ, ಮಾವ. ಈ ಗುರುತೂ ನೀನೇ ಹಾಕು. ಬ್ಯಾರೆಯವರ ಕೈಲಿ ಬ್ಯಾಡ."

ಯಾಗಪ್ಪನು ಸೊಂಟದ ಕತ್ತರಿಯನ್ನು ತೆಗೆದನು. ಸಾವಿರ ಮರಿಗಳಿಗೆ ಗುರುತು ಹಾಕಿದ ಕೈ ಅದು. ಅವನು ಕಿವಿಯ ಅಂಚನ್ನು, ಅಕ್ಕಿಕಾಳಿನಷ್ಟು ಮಾತ್ರ, ಚಿವುಟಿದನು. ಒಂದು ಹನಿ ರಕ್ತ ಬಂಡೆಗೆ ಇಳಿಯಿತು. ಕತ್ತರಿಯ ತುದಿ ಜಾರಿ ಬಂಡೆಗೂ ತಗುಲಿತು. ತಗುಲಿದಲ್ಲಿ ಕಲ್ಲು ಕಿವಿಯ ಆಕಾರವಾಗಿ ಬಿರಿಯಿತು. ಬಿರುಕಿನಿಂದ ಮೊದಲು ತಂಪು ಬಂತು, ಆಮೇಲೆ ಸದ್ದು ಬಂತು, ಆಮೇಲೆ ನೀರು ಬಂತು. ಆ ಸದ್ದು ಹಿಂದೆ ನಿಂತವರಿಗೆ ದೂರದ ಗುಡುಗಿನಂತೆ ಕೇಳಿಸಿತು. ಬಂಡೆಗೆ ಹಣೆ ತಾಗುವಷ್ಟು ಸಮೀಪದಲ್ಲಿದ್ದ ಯಾಗಪ್ಪನಿಗೆ ಮಾತ್ರ ಅದು ಮಾತಾಗಿ ಕೇಳಿಸಿತು:

"ಗುರುತು ನನ್ನದು. ನನ್ನ ಮೀಸಲು ಮುರಿಯದು, ಹರಿಯುವುದು."

ಹಟ್ಟಿಯವರು ಮಂಡಿಯೂರಿದರು. ಮರುಕ್ಷಣವೇ ಅವರು ತಪ್ಪು ಮಾಡಿದರು. ದೇವರು ಕೊಟ್ಟ ನೀರು ದೇವರಿಗೇ ಮೀಸಲು, ಮುಟ್ಟಬಾರದು, ಮುಳ್ಳಿನ ಬೇಲಿ ಕಟ್ಟಿರಿ ಎಂದು ಸೂಸೆಯಪ್ಪ ಕೂಗಿ, ಕಳ್ಳಿ ಕಡಿಯಲು ನಾಲ್ಕು ಜನರು ಓಡಿದರು. ನೀರಿಗಾಗಿ ಒಡೆದ ತುಟಿಯ ಹುಡುಗಿ ನೀರಿನ ಪಕ್ಕದಲ್ಲಿ ನಿಂತಿದ್ದರೂ ಅವಳೂ ಕುಡಿಯಬಾರದೆಂಬುದು ಅವರ ಭಕ್ತಿ. ಆಗ ಯಾಗಪ್ಪನು, ಕಿವಿಯಲ್ಲಿ ಆ ಮಾತು ಇನ್ನೂ ಮೊಳಗುತ್ತಿರಲು, ಒಂದು ಬೊಗಸೆ ನೀರು ತುಂಬಿಕೊಂಡನು. ಅದನ್ನು ಚೌರಮ್ಮನ ಬಾಯಿಗೆ ಹಿಡಿದನು. ಅವಳು ತಲೆಯಾಡಿಸಿ ಕಣ್ಣಿನಲ್ಲಿಯೇ ಈಟಿಯವರನ್ನು ತೋರಿಸಿದಳು. ತನ್ನನ್ನು ಎಳೆದೊಯ್ಯಲು ಬಂದಿದ್ದವರು, ಬಿಸಿಲಿಗೆ ಬಾಯಾರಿ ದೂರ ನಿಂತಿದ್ದವರು, ಈ ಹಟ್ಟಿಯವರೂ ಅಲ್ಲದವರು, ಈ ಮತದವರೂ ಅಲ್ಲದವರು. ಕೆಮ್ಮಿ ನಕ್ಕವನೇ ಮೊದಲು ಕುಡಿದ. ಕುಡಿದು ಈಟಿಯನ್ನು ಬಂಡೆಗೆ ಒರಗಿಸಿ, ಕೋಟೆಗೆ ಏನೆಂದು ಹೇಳಲಿ ಎಂದು ಕೇಳಿದನು. ಈ ಹೆಣ್ಣಿಗೆ ಒಡೆಯನಿದ್ದಾನೆಂದು ಹೇಳು ಎಂದನು ಯಾಗಪ್ಪ. ಆ ಮೇಲೆ ಕೋಟೆಯಿಂದ ಯಾರೂ ಬರಲಿಲ್ಲ.

ಪ್ರಸನ್ನನಾಥ ಗುರುಗಳು ಹಿಂತಿರುಗಿ ಬಂದು, ಆತುರಪಡದೆ ಅವಳನ್ನು ಬಹುಕಾಲ ಪರೀಕ್ಷಿಸಿ, ತರುವಾಯವೇ ಅವಳ ಕನ್ಯಾವ್ರತವನ್ನು ಬಲಿಪೀಠದ ಮುಂದೆ ಸ್ವೀಕರಿಸಿದರು. ಚೌರಮ್ಮನವರು ದೇಹಾಂತ್ಯದವರೆಗೆ ಈ ನೆತ್ತಿಯಲ್ಲಿಯೇ ಇದ್ದರು. ದೇವರಿಗೆ ಬಿಟ್ಟವರೆಂದು ಜನರು ಅವರನ್ನು ಕೂರಿಸಿ ಉಣ್ಣಿಸಲು ಬಂದಾಗ, ತಾನೇನು ಕೊಬ್ಬಿಸಲು ಬಿಟ್ಟ ಟಗರಲ್ಲವೆಂದು ಗದರಿಸಿ ಕಳಿಸಿದರು. ಯಾರೂ ಕತ್ತರಿ ಹಾಕದ ಮೀಸಲು ಕುರಿಗಳ ಜಡೆಗಟ್ಟಿದ ಉಣ್ಣೆಯನ್ನು ತಾವೇ ಕತ್ತರಿಸಿ, ನೂತು, ಕಂಬಳಿ ನೇಯಿಸಿ, ದಾರಿಯಲ್ಲಿ ನಡುಗುತ್ತ ಬಂದವರಿಗೆ ಹೊದಿಸಿದರು. ಹೆಸರಿಗೆ ತಕ್ಕಂತೆ ಚೌರ ಮಾಡುತ್ತಾಳೆಂದು ಸೂಸೆಯಪ್ಪ ನಗೆಯಾಡಿದನು. ಅವನ ಮುಪ್ಪಿನ ಚಳಿಗೆ ಹೊದಿಕೆಯಾದದ್ದೂ ಅದೇ ಕಂಬಳಿ. ದೇವರಿಗೆ ಮೀಸಲಾದದ್ದು ಪ್ರಪಂಚಕ್ಕೆ ನಿಷೇಧವಾದದ್ದಲ್ಲ, ಪ್ರಪಂಚದ ಬೆಲೆಗೆ ಸಿಕ್ಕದೆ ಪ್ರಪಂಚದ ಬಾಯಾರಿಕೆಗೆ ಸಿಕ್ಕುವುದು ಎಂಬ ತತ್ತ್ವವನ್ನು ಅವರು ಬೋಧಿಸಲಿಲ್ಲ, ಬದುಕಿದರು. ಬದುಕದೆ ಬೋಧಿಸುವವರು ಇದನ್ನು ಗಮನಿಸತಕ್ಕದ್ದು.

ಯಾಗಪ್ಪನು ಅಂದಿನಿಂದ ಮಂದೆಯನ್ನು ಕೂಗಿ ಕರೆಯಲಿಲ್ಲ. ಮುಂದೆ ನಡೆದರೆ ಸಾಕು, ಕುರಿಗಳು ಹಿಂದೆ ಬರುತ್ತಿದ್ದವು. ಅವನು ಮಾಡಿಸಿದ್ದ ಓಲೆಗಳನ್ನು ಕರಗಿಸಿ ಇಲ್ಲಿಯ ಪೂಜಾಪಾತ್ರೆಗೆ ಸೇರಿಸಲಾಗಿದೆಯೆಂದು ಹೇಳುವವರುಂಟು. ಅದಕ್ಕೆ ಆಧಾರ ದೊರೆತಿಲ್ಲ. ಅವನ ಸಮಾಧಿ ಮಾತ್ರ ಬಂಡೆಗೆ ಎದುರಾಗಿ, ಅಂದು ಅವನ ದೊಣ್ಣೆಯಿದ್ದ ಸ್ಥಳದಲ್ಲಿಯೇ ಇದೆ. ಚೌರಮ್ಮನವರದು ಬಂಡೆಯ ಬುಡದಲ್ಲಿ. ಮೇಲೆ ಶಿಲುಬೆಯ ಹೊರತು ಏನೂ ಬರೆದಿಲ್ಲ.

ಇಂದಿಗೂ ಯಾತ್ರಿಕರು ಬಂಡೆಯ ಪಾರ್ಶ್ವದಲ್ಲಿ ಕಿವಿಯಾಕಾರದ ಬಿರುಕನ್ನೂ ಅದರ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚನ್ನೂ ಕೈಯಿಂದ ಮುಟ್ಟಿ ನೋಡಬಹುದು. ನೀರಿಗೆ ಬೇಲಿಯಿಲ್ಲ. ಶೌರಿಯಪ್ಪನವರ ಹಬ್ಬದಂದು ಮೀಸಲು ಕುರಿಗಳ ಉಣ್ಣೆ ಕತ್ತರಿಸಿ, ಹಿಂದಿನ ವರ್ಷ ನೇಯ್ದ ಕಂಬಳಿಯನ್ನು ಈ ಸೀಮೆಗೆ ಸೇರದ ಒಬ್ಬರ ಹೆಗಲಿಗೆ ಹಾಕಿ, ಮೊದಲ ಬೊಗಸೆಯನ್ನು ಅವರಿಗೇ ಕೊಡುತ್ತಾರೆ. ಆಮೇಲೆ ಒಬ್ಬೊಬ್ಬ ಭಕ್ತರೂ ಯಾಗಪ್ಪನ ಸಮಾಧಿಯ ಬಳಿ ನಿಲ್ಲುವರು. ಮನೆಯವರು ಹಿಂದಿನಿಂದ ಅವರ ಮುದ್ದಿನ ಹೆಸರನ್ನು ಎರಡು ಸಲ ಕೂಗುವರು. ಮೂರನೆಯ ಸಲ ಯಾರೂ ಕೂಗರು. ಆ ಮೌನದಲ್ಲಿ ಭಕ್ತರು ನಡೆದುಹೋಗಿ ಬಂಡೆಗೆ ಕಿವಿಯಿಡುವರು.

ಏನೂ ಕೇಳಿಸಲಿಲ್ಲವೆಂದು ದುಃಖಿಸುತ್ತ ಮರಳುವವರನ್ನು ಪ್ರತಿವರ್ಷವೂ ಕಾಣುತ್ತೇವೆ. ಅವರು ದುಃಖಿಸಬೇಕಾದುದಿಲ್ಲ. ಅಂದು ಬಂಡೆಯ ಸರದಿಯಲ್ಲಿ ಇದ್ದದ್ದೂ ಮೌನವೇ. ಅವಳ ಕಿವಿ ತಿರುಗಿದ್ದು ಅದರ ಕಡೆಗೇ.